ದುಡಿಯ ಪೆಟ್ಟೋ, ಕಂಪ್ಯೂಟರಿನ ಕೆಮ್ಮೋ: ಧ್ವನಿಮುದ್ರಣಕ್ಕೆ ಮೆಮೊರಿ ಹದ ಮಾಡುವ ಬಗೆ

ಕೊಡಗಿನ ನಾಪೋಕ್ಲು ಕಡೆಯ ಒಂದು ಐನ್‌ಮನೆಯಲ್ಲಿ (ಕುಟುಂಬದ ಮೂಲಮನೆ) ಬಾಳೋಪಾಟ್, ಅಂದರೆ ದುಡಿ ಬಾರಿಸುತ್ತಾ ಹಾಡುವ ಕೊಡವರ ಹಾಡು, ರೆಕಾರ್ಡ್ ಮಾಡಲು ಕೂತಿದ್ದೆ. ನಾಲ್ವರು ಹಿರಿಯರು, ಕೈಯಲ್ಲಿ ದುಡಿ ಎಂಬ ಪುಟ್ಟ ಚರ್ಮವಾದ್ಯ, ನೆಲ್ಲಕ್ಕಿ ನಡುಬಾಡೆಯಲ್ಲಿ (ಮನೆಯ ನಡುಕೋಣೆ) ಎರಡು ಮೈಕ್, ಮೂಲೆಯಲ್ಲಿ ನನ್ನ ಹಳೇ ಲ್ಯಾಪ್‌ಟಾಪ್. ಹನ್ನೆರಡು ನಿಮಿಷ ಒಂದೇ ಉಸಿರಿಗೆ ಎಂಬಂತೆ ಹಾಡಿ ಮುಗಿಸಿದರು. ಹೆಡ್‌ಫೋನ್ ಹಾಕಿ ಕೇಳಿದೆ. ನಾಲ್ಕನೇ ನಿಮಿಷದಿಂದ ನಡುನಡುವೆ ‘ಚಟ್’ ಅನ್ನುವ ಸದ್ದು. ಮೊದಮೊದಲು ಯಾರೋ ದುಡಿಯ ಅಂಚಿಗೆ ಕಡ್ಡಿ ತಾಗಿಸಿದ್ದಾರೆ ಅಂದುಕೊಂಡೆ. ಹಿರಿಯರೊಬ್ಬರು ಹೆಡ್‌ಫೋನ್ ಇಸಿದುಕೊಂಡು ಅರ್ಧ ನಿಮಿಷ ಕೇಳಿ, “ಇದು ನಮ್ಮದಲ್ಲ. ನಿನ್ನ ಪೆಟ್ಟಿಗೆಗೆ ಕೆಮ್ಮು ಹಿಡಿದಿದೆ ಮಾರಾಯ, ಮೊದಲು ಅದಕ್ಕೆ ಕಷಾಯ ಕುಡಿಸು” ಅಂದರು.

ಆ ಕಷಾಯದ ಪಾಕ ಇಲ್ಲಿದೆ. ವಿಂಡೋಸ್ 10 ಮತ್ತು 11ರ ಲೆಕ್ಕದಲ್ಲಿ ಬರೆದಿದ್ದೇನೆ, ಲಿನಕ್ಸ್ ಬಳಸುವವರಿಗೂ ಒಂದೆರಡು ಮಾತಿದೆ.

ಮೊದಲು ರೋಗ ಯಾವುದು ಅಂತ ನೋಡಿ

ರೆಕಾರ್ಡಿಂಗ್‌ನಲ್ಲಿ ಸದ್ದು ಬಂದರೆ ಎಲ್ಲವೂ ಮೆಮೊರಿಯ ತಪ್ಪಲ್ಲ. ತೋಟದ ನಡುವಿನ ಮನೆಗಳಲ್ಲಿ ಮೊಬೈಲ್ ಸಿಗ್ನಲ್ ಅಷ್ಟಕ್ಕಷ್ಟೆ. ಸಿಗ್ನಲ್ ಕಡಿಮೆಯಾದಷ್ಟೂ ಫೋನು ಜೋರಾಗಿ ಟವರನ್ನು ಕೂಗುತ್ತದೆ, ಆ ಕೂಗು ಮೈಕಿನ ವೈರಿನಲ್ಲಿ ‘ಟಿರ್ರ್ ಟಿರ್ರ್’ ಅಂತ ಕೇಳುತ್ತದೆ. ಅದಕ್ಕೆ ಮದ್ದು ಏರೋಪ್ಲೇನ್ ಮೋಡ್. ಎಡೆಬಿಡದ ‘ಹೂಂ’ ಅನ್ನುವ ಗುಂಯ್‌ಗುಡುವಿಕೆ ಇದ್ದರೆ ಅದು ಅರ್ಥಿಂಗ್ ತೊಂದರೆ. ಚಾರ್ಜರ್ ತೆಗೆದು ಬ್ಯಾಟರಿಯಲ್ಲಿ ಓಡಿಸಿ ನೋಡಿದರೆ ಗೊತ್ತಾಗುತ್ತದೆ.

ಮೆಮೊರಿ, ಬಫರ್ (ಧ್ವನಿಯನ್ನು ಹಿಡಿದಿಡುವ ತಾತ್ಕಾಲಿಕ ಜಾಗ), ಡ್ರೈವರ್ (ಯಂತ್ರದ ಬಿಡಿಭಾಗವನ್ನು ನಡೆಸುವ ಪ್ರೋಗ್ರಾಂ) ಈ ಕುಟುಂಬದ ತೊಂದರೆಯ ಗುರುತು ಬೇರೆ. ಫೈಲನ್ನು ತೆರೆದು, ‘ಚಟ್’ ಅಂದ ಜಾಗವನ್ನು ಅಲೆಗೆರೆ ಒಂದೊಂದು ಚುಕ್ಕೆಯಾಗಿ ಕಾಣುವವರೆಗೆ ದೊಡ್ಡದು ಮಾಡಿ. ದುಡಿಯ ಪೆಟ್ಟಾದರೆ ಗೆರೆ ಸರ್ರನೆ ಏರಿ, ತೂಗಾಡುತ್ತಾ, ನಿಧಾನವಾಗಿ ಅಡಗುತ್ತದೆ. ಕಂಪ್ಯೂಟರಿನ ಕೆಮ್ಮಾದರೆ ಹಾಗಲ್ಲ. ಮೇಲೆ ಹೋಗುತ್ತಿದ್ದ ಗೆರೆ ನಡುದಾರಿಯಲ್ಲಿ ಕತ್ತಿಯಿಂದ ಕಡಿದಂತೆ ತುಂಡಾಗಿ, ಇನ್ನೆಲ್ಲೋ ಕೆಳಗಿನಿಂದ ಮುಂದುವರಿದಿರುತ್ತದೆ. ನಡುವಿನ ಚೂರು ಕಳೆದೇ ಹೋಗಿದೆ. ಅದನ್ನು ಯಾವ ಸಾಫ್ಟ್‌ವೇರೂ ತಂದುಕೊಡಲಾರದು. ಆಡಾಸಿಟಿ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರಿನ ರೆಕಾರ್ಡಿಂಗ್ ಸೆಟ್ಟಿಂಗ್ಸ್‌ನಲ್ಲಿ ‘ಡಿಟೆಕ್ಟ್ ಡ್ರಾಪ್‌ಔಟ್ಸ್’ ಅನ್ನುವುದಕ್ಕೆ ಟಿಕ್ ಹಾಕಿಟ್ಟರೆ ಹೀಗೆ ಕಳೆದುಹೋದ ಜಾಗಗಳಿಗೆ ಅದೇ ಗುರುತು ಹಾಕಿಕೊಡುತ್ತದೆ. ರೀಪರ್ ಎಂಬ ಇನ್ನೊಂದು ಸಾಫ್ಟ್‌ವೇರ್ ಇದ್ದವರು ಪರ್ಫಾರ್ಮೆನ್ಸ್ ಮೀಟರ್ ತೆರೆದಿಟ್ಟುಕೊಳ್ಳಿ.

ರ‍್ಯಾಮ್ ಎಷ್ಟು ಬೇಕು? ಲೆಕ್ಕ ಹಾಕೋಣ

“ರೆಕಾರ್ಡಿಂಗ್‌ಗೆ 32 ಜಿಬಿ ರ‍್ಯಾಮ್ ಇಲ್ಲದೆ ಆಗೋದಿಲ್ಲ” ಅನ್ನುವವರು ಸಿಗುತ್ತಾರೆ. ನಂಬಬೇಡಿ. 48 ಕಿಲೋಹರ್ಟ್ಜ್, 24 ಬಿಟ್‌ನಲ್ಲಿ ಒಂದು ಮೈಕಿನಿಂದ ಸೆಕೆಂಡಿಗೆ ಬರುವುದು 48,000 ಸ್ಯಾಂಪಲ್ (ಅಲೆಗೆರೆಯ ಒಂದೊಂದು ಚುಕ್ಕೆ), ಒಂದೊಂದಕ್ಕೆ 3 ಬೈಟ್. ಅಂದರೆ ಸೆಕೆಂಡಿಗೆ 1,44,000 ಬೈಟ್. ನಿಮಿಷಕ್ಕೆ ಎಂಟೂವರೆ ಎಂಬಿ ಚಿಲ್ಲರೆ, ಗಂಟೆಗೆ ಸುಮಾರು 518 ಎಂಬಿ. ಎಂಟು ಮೈಕ್ ಒಟ್ಟಿಗೆ ಹಚ್ಚಿದರೂ ಸೆಕೆಂಡಿಗೆ ಒಂದು ಎಂಬಿಗಿಂತ ತುಸು ಹೆಚ್ಚು, ಅಷ್ಟೆ. ಹಳೇ ಹಾರ್ಡ್ ಡಿಸ್ಕೂ ಇದನ್ನು ನಿದ್ದೆಗಣ್ಣಿನಲ್ಲಿ ಬರೆದುಕೊಳ್ಳುತ್ತದೆ.

ಹಾಗಾದರೆ ತೊಂದರೆ ಎಲ್ಲಿ? ಹೊತ್ತಿಗೆ ಸರಿಯಾಗಿ ಸಿಗುವುದರಲ್ಲಿ. ರ‍್ಯಾಮ್ ತುಂಬಿದಾಗ ವಿಂಡೋಸ್ ಕೆಲವು ಸಾಮಾನನ್ನು ಡಿಸ್ಕಿನ ಮೇಲಿರುವ ಪೇಜ್ ಫೈಲ್‌ಗೆ ಸಾಗಿಸುತ್ತದೆ. ಒಲೆ ಪಕ್ಕದ ಡಬ್ಬಿಯನ್ನು ಅಟ್ಟಕ್ಕೆ ಹಾಕಿದ ಹಾಗೆ. ಮತ್ತೆ ಬೇಕಾದಾಗ ಏಣಿ ಹತ್ತಬೇಕು. ರ‍್ಯಾಮಿನಿಂದ ಒಂದು ಮಾಹಿತಿ ತೆಗೆಯಲು ಒಂದು ಸೆಕೆಂಡಿನ ಕೋಟಿಯಲ್ಲೊಂದು ಪಾಲು ಸಾಕು. ತಿರುಗುವ ಹಾರ್ಡ್ ಡಿಸ್ಕಿನಿಂದ ತೆಗೆಯಲು ಹತ್ತು ಮಿಲಿಸೆಕೆಂಡ್ ಆದೀತು, ಎಂದರೆ ಲಕ್ಷ ಪಟ್ಟು ಹೆಚ್ಚು. ಬ್ರೌಸರಿಗೆ ಹತ್ತು ಮಿಲಿಸೆಕೆಂಡ್ ತಡವಾದರೆ ನಮಗೆ ಗೊತ್ತೂ ಆಗುವುದಿಲ್ಲ. ಧ್ವನಿಗೆ ಮಾತ್ರ ಕಾಯುವ ವ್ಯವಧಾನ ಇಲ್ಲ. ಹಾಡು ಯಾರಿಗೂ ನಿಲ್ಲುವುದಿಲ್ಲವಲ್ಲ.

ಆದ್ದರಿಂದ ನನ್ನ ಅಭಿಪ್ರಾಯ: ಬರೀ ಮೈಕಿನಿಂದ ರೆಕಾರ್ಡ್ ಮಾಡುವವರಿಗೆ 8 ಜಿಬಿ ಧಾರಾಳ. 4 ಜಿಬಿ ಇದ್ದರೆ ಕಟ್ಟುನಿಟ್ಟಿನ ಪಥ್ಯ ಬೇಕು. ಕೀಬೋರ್ಡಿನಲ್ಲಿ ಪಿಯಾನೋ, ಪಿಟೀಲು ಮುಂತಾದವುಗಳ ಮೊದಲೇ ಮುದ್ರಿಸಿದ ಸದ್ದಿನ ಭಂಡಾರ (ಸ್ಯಾಂಪಲ್ ಲೈಬ್ರರಿ) ನುಡಿಸುವವರಿಗೆ ಮಾತ್ರ 16 ಅಥವಾ 32. ಆ ಲೈಬ್ರರಿಗಳು ರ‍್ಯಾಮಿನಲ್ಲೇ ಬಂದು ಕೂರುತ್ತವೆ.

ಹೆಜ್ಜೆ 1: ಇರುವುದನ್ನು ಅಳೆಯಿರಿ

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ‘ಪರ್ಫಾರ್ಮೆನ್ಸ್’, ಅದರಲ್ಲಿ ‘ಮೆಮೊರಿ’. ನೋಡಬೇಕಾದದ್ದು ಮೂರು.

‘ಇನ್ ಯೂಸ್’: ಈಗ ಬಳಕೆಯಲ್ಲಿರುವುದು. ರೆಕಾರ್ಡಿಂಗ್ ಸಾಫ್ಟ್‌ವೇರ್ ತೆರೆದ ಮೇಲೂ ಒಟ್ಟು ರ‍್ಯಾಮಿನ ಮುಕ್ಕಾಲು ದಾಟದಿದ್ದರೆ ಚಿಂತೆಯಿಲ್ಲ.

‘ಕಮಿಟೆಡ್’: ಇಲ್ಲಿ ಎರಡು ಅಂಕಿ ಇರುತ್ತವೆ, ಉದಾಹರಣೆಗೆ 6.1/9.8. ಮೊದಲನೆಯದು ಪ್ರೋಗ್ರಾಂಗಳು ಕೇಳಿ ಕಾದಿರಿಸಿಕೊಂಡದ್ದು, ಎರಡನೆಯದು ರ‍್ಯಾಮ್ ಮತ್ತು ಪೇಜ್ ಫೈಲ್ ಸೇರಿಸಿದ ಮಿತಿ. ಇವೆರಡೂ ಹತ್ತಿರ ಬಂದವೋ, ಸಾಫ್ಟ್‌ವೇರ್ ನಡುಹಾಡಿನಲ್ಲಿ ಮುಚ್ಚಿಕೊಳ್ಳುವ ಅಪಾಯ ಇದೆ.

‘ಹಾರ್ಡ್‌ವೇರ್ ರಿಸರ್ವ್‌ಡ್’: ಇದನ್ನು ಹೆಚ್ಚಿನವರು ನೋಡುವುದೇ ಇಲ್ಲ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪಿನಲ್ಲಿ ಪರದೆಗಾಗಿ ರ‍್ಯಾಮಿನದೇ ಒಂದು ಪಾಲು ಎತ್ತಿಟ್ಟಿರುತ್ತಾರೆ. ಒಂದಿಷ್ಟು ನೂರು ಎಂಬಿ ಸಹಜ. ಎರಡು ಜಿಬಿ ಕಂಡರೆ, ಯಂತ್ರ ಆನ್ ಆಗುವಾಗಲೇ ತೆರೆಯುವ ಬಯಾಸ್‌ನಲ್ಲಿ ಗ್ರಾಫಿಕ್ಸ್ ಮೆಮೊರಿಯನ್ನು ಕಡಿಮೆ ಮಾಡಲು ಬರುತ್ತದೆಯೇ ನೋಡಿ. 

ನನ್ನದರಲ್ಲಿ ಹೀಗೆ ಮೆಮೊರಿ ಕಡಿಮೆಯಾದದ್ದಕ್ಕೆ ಕಾರಣ ನಾನೇ. ಯಾವುದೋ ವಿಡಿಯೋ ನೋಡಿ ‘ಸಿಸ್ಟಮ್ ಕಾನ್ಫಿಗರೇಶನ್’ ತೆರೆದು, ಬೂಟ್‌ನ ಅಡ್ವಾನ್ಸ್‌ಡ್ ಆಪ್ಶನ್ಸ್‌ನಲ್ಲಿ ‘ಮ್ಯಾಕ್ಸಿಮಮ್ ಮೆಮೊರಿ’ಗೆ ಟಿಕ್ ಹಾಕಿ 8192 ಅಂತ ತುಂಬಿದ್ದೆ. ಇರುವ ಎಂಟು ಜಿಬಿಯನ್ನೂ ಪೂರ್ತಿ ಬಳಸಲಿ ಅನ್ನುವ ಆಸೆ. ಆ ಜಾಗ ಇರುವುದು ಮೆಮೊರಿ ಹೆಚ್ಚಿಸುವುದಕ್ಕಲ್ಲ, ಕತ್ತರಿಸುವುದಕ್ಕೆ. ಆ ವಿಳಾಸದಿಂದ ಮೇಲಿರುವ ರ‍್ಯಾಮನ್ನು ಮುಟ್ಟಬೇಡ ಅಂತ ಹೇಳಿದ ಹಾಗೆ. ಒಂದಿಷ್ಟು ರ‍್ಯಾಮ್ ಆ ಗಡಿಯಿಂದ ಆಚೆಗೇ ಕೂತಿರುತ್ತದೆ, ಅದು ಹೋಯಿತು. ತಿಂಗಳುಗಟ್ಟಲೆ ಆರು ಜಿಬಿ ಚಿಲ್ಲರೆಯಲ್ಲಿ ಕೆಲಸ ಮಾಡಿದೆ. ಅಲ್ಲಿ ಟಿಕ್ ಇದ್ದರೆ ಇವತ್ತೇ ತೆಗೆದು ರೀಸ್ಟಾರ್ಟ್ ಮಾಡಿ.

ಜೊತೆಗೆ ಸೆಟ್ಟಿಂಗ್ಸ್, ಸಿಸ್ಟಮ್, ಅಬೌಟ್‌ಗೆ ಹೋಗಿ ‘ಸಿಸ್ಟಮ್ ಟೈಪ್’ ನೋಡಿ. 32 ಬಿಟ್ ಅಂತ ಇದ್ದರೆ ಎಷ್ಟೇ ರ‍್ಯಾಮ್ ಹಾಕಿದರೂ ನಾಲ್ಕು ಜಿಬಿಯ ಒಳಗೇ ಸುತ್ತಬೇಕು. ಹಳೇ ಡೆಸ್ಕ್‌ಟಾಪುಗಳಲ್ಲಿ ಇದು ಈಗಲೂ ಕಾಣಸಿಗುತ್ತದೆ.

ಹೆಜ್ಜೆ 2: ಪೇಜ್ ಫೈಲ್

ಇದೇ ಮುಖ್ಯ, ಇಲ್ಲೇ ಹೆಚ್ಚು ತಪ್ಪು ಆಗುವುದು. ಸ್ಟಾರ್ಟ್ ಒತ್ತಿ ‘ವ್ಯೂ ಅಡ್ವಾನ್ಸ್‌ಡ್ ಸಿಸ್ಟಮ್ ಸೆಟ್ಟಿಂಗ್ಸ್’ ಅಂತ ಹುಡುಕಿ. ‘ಅಡ್ವಾನ್ಸ್‌ಡ್’ ಪುಟದಲ್ಲಿ ‘ಪರ್ಫಾರ್ಮೆನ್ಸ್’ ಎದುರಿನ ‘ಸೆಟ್ಟಿಂಗ್ಸ್’, ಅಲ್ಲಿ ಮತ್ತೊಂದು ‘ಅಡ್ವಾನ್ಸ್‌ಡ್’, ಅದರ ಕೆಳಗೆ ‘ವರ್ಚುವಲ್ ಮೆಮೊರಿ’, ‘ಚೇಂಜ್’. ಮೇಲಿರುವ ‘ಆಟೋಮ್ಯಾಟಿಕಲಿ ಮ್ಯಾನೇಜ್’ ಟಿಕ್ ತೆಗೆಯಿರಿ. ಸಿ ಡ್ರೈವ್ ಆರಿಸಿ, ‘ಕಸ್ಟಮ್ ಸೈಜ್’ ಒತ್ತಿ, ಇನಿಷಿಯಲ್ ಮತ್ತು ಮ್ಯಾಕ್ಸಿಮಮ್ ಎರಡಕ್ಕೂ ಒಂದೇ ಅಂಕಿ ಕೊಡಿ. 4 ಅಥವಾ 8 ಜಿಬಿ ರ‍್ಯಾಮ್ ಇದ್ದರೆ ನಾನು 8192 ಕೊಡುತ್ತೇನೆ. 16 ಜಿಬಿ ಇದ್ದು ಡಿಸ್ಕ್ ಎಸ್‌ಎಸ್‌ಡಿ (ತಿರುಗುವ ತಟ್ಟೆಯಿಲ್ಲದ ಡಿಸ್ಕ್) ಆಗಿದ್ದರೆ ವಿಂಡೋಸ್ ಪಾಡಿಗೆ ಬಿಟ್ಟುಬಿಡಿ, ಮುಟ್ಟುವ ಅಗತ್ಯವೇ ಇಲ್ಲ.

ಎರಡೂ ಅಂಕಿ ಒಂದೇ ಯಾಕೆ? ವಿಂಡೋಸ್ ಕೈಗೆ ಬಿಟ್ಟರೆ ಅದು ಸಣ್ಣದಾಗಿ ಶುರುಮಾಡಿ, ಸಾಲದಾದಾಗ ಹಿಗ್ಗಿಸುತ್ತದೆ. ತಿರುಗುವ ಡಿಸ್ಕಿನಲ್ಲಿ ಈ ಹಿಗ್ಗಿಸುವ ಕೆಲಸವೇ ಒಂದು ಗಳಿಗೆ ಎಲ್ಲವನ್ನೂ ತಡೆದು ನಿಲ್ಲಿಸುತ್ತದೆ. ಆ ಗಳಿಗೆ ನಿಮ್ಮ ಹಾಡಿನ ನಡುವೆಯೇ ಬರಬೇಕೆಂದಿಲ್ಲ, ಆದರೆ ಬರುತ್ತದೆ.

ಅಂಕಿ ತುಂಬಿದ ಮೇಲೆ ನೇರ ‘ಓಕೆ’ ಒತ್ತಬೇಡಿ. ಪಕ್ಕದಲ್ಲೇ ‘ಸೆಟ್’ ಅನ್ನುವ ಗುಂಡಿ ಇದೆ. ಅದನ್ನು ಒತ್ತದೆ ‘ಓಕೆ’ ಅಂದರೆ ಬರೆದದ್ದು ಯಾವುದೂ ಉಳಿಯುವುದಿಲ್ಲ. ಎರಡು ಸಲ ನಾನು ಹೀಗೆ ಮಾಡಿ, ಏನೂ ಬದಲಾಗಲಿಲ್ಲ ಅಂತ ಗೊಣಗಿದ್ದೇನೆ.

ಪೇಜ್ ಫೈಲನ್ನು ಪೂರ್ತಿ ತೆಗೆದುಹಾಕಿ ಅನ್ನುವ ಸಲಹೆಯೂ ಓಡಾಡುತ್ತದೆ. ‘ಅಟ್ಟವನ್ನೇ ಕಿತ್ತರೆ ಏಣಿ ಹತ್ತುವ ಕೆಲಸವಿಲ್ಲ’ ಅನ್ನುವ ತರ್ಕ. ಆದರೆ ಪ್ರೋಗ್ರಾಂಗಳು ಬಳಸದಿದ್ದರೂ ಮುಂಗಡವಾಗಿ ಜಾಗ ಕಾದಿರಿಸುತ್ತವೆ. ಪೇಜ್ ಫೈಲ್ ಇಲ್ಲದಿದ್ದರೆ ಆ ಕಾದಿರಿಸುವಿಕೆಗೂ ರ‍್ಯಾಮೇ ಲೆಕ್ಕಕ್ಕೆ ಬರುತ್ತದೆ, ಅರ್ಧ ಖಾಲಿ ಇರುವಾಗಲೇ ‘ಮೆಮೊರಿ ಸಾಲದು’ ಅಂದುಬಿಡುತ್ತದೆ. ಅದೇ ರೀತಿ ‘ರ‍್ಯಾಮ್ ಕ್ಲೀನರ್’ ಅನ್ನುವ ಸಾಫ್ಟ್‌ವೇರುಗಳು. ಅವು ಮಾಡುವುದು ಇಷ್ಟೆ: ಕೆಲಸದಲ್ಲಿರುವ ಪ್ರೋಗ್ರಾಂಗಳ ಸಾಮಾನನ್ನೂ ಹೊರಗೆ ತಳ್ಳಿ, ಖಾಲಿ ರ‍್ಯಾಮ್ ತೋರಿಸಿ ಭೇಷ್ ಅನ್ನಿಸಿಕೊಳ್ಳುವುದು. ಮರುಕ್ಷಣವೇ ಎಲ್ಲ ವಾಪಸ್ ತರಬೇಕು. ಅಳಿಸಿಹಾಕಿ.

ಇದೇ ಕಿಟಕಿಯಲ್ಲಿ ‘ಪ್ರೊಸೆಸರ್ ಶೆಡ್ಯೂಲಿಂಗ್’ ಕಾಣುತ್ತದೆ. ‘ಬ್ಯಾಕ್‌ಗ್ರೌಂಡ್ ಸರ್ವಿಸಸ್’ ಆರಿಸಿದರೆ ಮುಂದೆ ತೆರೆದ ಪ್ರೋಗ್ರಾಮಿಗೆ ಕೊಡುವ ವಿಶೇಷ ಮರ್ಯಾದೆ ನಿಂತು, ಹಿನ್ನೆಲೆಯಲ್ಲಿ ಓಡುವ ಧ್ವನಿ ಡ್ರೈವರಿಗೂ ಸಮಪಾಲು ಸಿಗುತ್ತದೆ. ಎರಡೇ ಕೋರ್ ಇರುವ ಹಳೇ ಯಂತ್ರದಲ್ಲಿ ನನಗೆ ಇದರಿಂದ ಅನುಕೂಲವಾಯಿತು. ಹೊಸ ಯಂತ್ರದಲ್ಲಿ ವ್ಯತ್ಯಾಸ ಕಾಣಲಿಲ್ಲ.

ಹೆಜ್ಜೆ 3: ಬಫರ್

ಕಂಪ್ಯೂಟರು ಧ್ವನಿಯನ್ನು ಹನಿ ಹನಿಯಾಗಿ ಹಿಡಿಯುವುದಿಲ್ಲ, ಚೊಂಬಿನಲ್ಲಿ ತುಂಬಿಸಿ ಸುರಿದುಕೊಳ್ಳುತ್ತದೆ. ಆ ಚೊಂಬೇ ಬಫರ್. 48 ಕಿಲೋಹರ್ಟ್ಜ್‌ನಲ್ಲಿ 128 ಸ್ಯಾಂಪಲ್ ಬಫರ್ ಅಂದರೆ 2.7 ಮಿಲಿಸೆಕೆಂಡ್. 256 ಅಂದರೆ 5.3, 512 ಅಂದರೆ 10.7, 1024 ಅಂದರೆ 21.3. ಸಣ್ಣ ಚೊಂಬಾದರೆ ಸೆಕೆಂಡಿಗೆ ನೂರಾರು ಸಲ ಓಡಿಬಂದು ಸುರಿಯಬೇಕು. ಒಂದು ಸಲ ತಡವಾದರೂ ಚೆಲ್ಲುತ್ತದೆ, ಅದೇ ‘ಚಟ್’.

ಎಲ್ಲರೂ 64, 128 ಅಂತ ಸಣ್ಣದರ ಹಿಂದೆ ಬೀಳುವುದನ್ನು ನೋಡಿದ್ದೇನೆ. ಯಾಕೆ ಅಂತ ಕೇಳಿಕೊಳ್ಳುವುದಿಲ್ಲ. ಹಾಡುವವರು ತಮ್ಮದೇ ದನಿಯನ್ನು ಕಂಪ್ಯೂಟರಿನ ಮೂಲಕ ಹೆಡ್‌ಫೋನಿನಲ್ಲಿ ಕೇಳುತ್ತಾ ಹಾಡುವಾಗ ಮಾತ್ರ ಸಣ್ಣ ಬಫರ್ ಬೇಕು. ನಾಲ್ವರು ಎದುರುಬದುರು ಕೂತು ದುಡಿ ಬಾರಿಸಿ ಹಾಡುವಾಗ ಯಾರ ಕಿವಿಯಲ್ಲೂ ಹೆಡ್‌ಫೋನ್ ಇಲ್ಲ. ಅಲ್ಲಿ 1024 ಇಡಿ, ಬೇಕಾದರೆ 2048. ರೆಕಾರ್ಡಿಂಗ್‌ನ ಗುಣಮಟ್ಟಕ್ಕೆ ಎಳ್ಳಷ್ಟೂ ಕೊರತೆಯಿಲ್ಲ. ನಾಪೋಕ್ಲಿನ ಕೆಮ್ಮಿಗೆ ದೊಡ್ಡ ಕಾರಣ ನನ್ನ 128ರ ಚಪಲ.

ಮೊದಲೇ ಮುದ್ರಿಸಿದ ತಾಳಕ್ಕೆ ಆಮೇಲೆ ದನಿ ಸೇರಿಸುವುದಾದರೆ 256ರಿಂದ ಶುರುಮಾಡಿ. 10 ಮಿಲಿಸೆಕೆಂಡ್ ತಡ ಅಂದರೆ ಮೂರೂವರೆ ಮೀಟರ್ ದೂರದಿಂದ ಬಂದ ಸದ್ದು ಕೇಳಿದಂತೆ, ನಡುಬಾಡೆಯ ಆಚೆ ಬದಿಯವರು ಹಾಡಿದಷ್ಟೇ. ಹೆಚ್ಚಿನವರಿಗೆ ಅಡ್ಡಿಯಾಗದು. ಆದರೆ ಒಳಹೋಗುವಾಗ ಒಂದು ಸಲ, ಹೊರಬರುವಾಗ ಒಂದು ಸಲ ಬಫರ್ ದಾಟಬೇಕು, ಹಾಗಾಗಿ ಮೇಲಿನ ಅಂಕಿಯ ದುಪ್ಪಟ್ಟು ಹಿಡಿದು ಲೆಕ್ಕ ಹಾಕಿ. ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಆಡಿಯೋ ಇಂಟರ್‌ಫೇಸ್‌ನಲ್ಲಿ ‘ಡೈರೆಕ್ಟ್ ಮಾನಿಟರ್’ ಗುಂಡಿ ಇದ್ದರೆ ಈ ತಲೆನೋವೇ ಇಲ್ಲ, ದನಿ ಕಂಪ್ಯೂಟರಿಗೆ ಹೋಗದೆ ನೇರ ಕಿವಿಗೆ ಬರುತ್ತದೆ.

ಬದಲಾಯಿಸುವುದು ಎಲ್ಲಿ? ರೀಪರ್ ಮುಂತಾದವುಗಳಲ್ಲಿ ಇಂಟರ್‌ಫೇಸ್ ಕಂಪನಿಯ ಏಸಿಯೋ (ಧ್ವನಿಗೆಂದೇ ಮಾಡಿದ) ಡ್ರೈವರ್ ಆರಿಸಿ, ಅದರ ಕಂಟ್ರೋಲ್ ಪ್ಯಾನೆಲ್‌ನಲ್ಲಿ. ಆಡಾಸಿಟಿಯಲ್ಲಿ ಆಡಿಯೋ ಸೆಟ್ಟಿಂಗ್ಸ್‌ನ ‘ಬಫರ್ ಲೆಂಗ್ತ್’, ಅದು ಮೊದಲೇ 100 ಮಿಲಿಸೆಕೆಂಡ್ ಇರುತ್ತದೆ, ಸಾಕಷ್ಟು ದೊಡ್ಡದು. 96 ಕಿಲೋಹರ್ಟ್ಜ್ ಆಸೆ ಇದ್ದರೆ ನೆನಪಿಡಿ: ಅದೇ 512 ಅಲ್ಲಿ ಅರ್ಧ ಸಮಯಕ್ಕೆ ತುಂಬುತ್ತದೆ, ಫೈಲೂ ದುಪ್ಪಟ್ಟಾಗುತ್ತದೆ. ಜನಪದ ಹಾಡಿಗೆ, ಅರೆಭಾಷೆಯ ಕಥೆಗೆ 48 ಸಾಕು.

ಹೆಜ್ಜೆ 4: ಮನೆ ಖಾಲಿ ಮಾಡುವುದು

ರೆಕಾರ್ಡಿಂಗ್ ದಿನ ‘ಶಟ್‌ಡೌನ್’ ಮಾಡಿ ಆನ್ ಮಾಡಿದರೆ ಸಾಲದು, ‘ರೀಸ್ಟಾರ್ಟ್’ ಮಾಡಿ. ‘ಫಾಸ್ಟ್ ಸ್ಟಾರ್ಟಪ್’ ಇರುವ ವಿಂಡೋಸ್ ಶಟ್‌ಡೌನ್ ಆದಾಗ ತನ್ನ ಒಳಭಾಗವನ್ನು ಡಿಸ್ಕಿಗೆ ಬರೆದಿಟ್ಟು ಮತ್ತೆ ಅದನ್ನೇ ಎತ್ತಿಕೊಳ್ಳುತ್ತದೆ. ಹಳೇ ಕಸವೂ ಜೊತೆಗೆ ಬರುತ್ತದೆ.

ಬ್ರೌಸರ್ ಮುಚ್ಚಿ, ವೈಫೈ ಆಫ್ ಮಾಡಿ. ವೈಫೈ ಡ್ರೈವರ್ ಆಗಾಗ ಪ್ರೊಸೆಸರನ್ನು ಹಿಡಿದಿಟ್ಟುಕೊಂಡು ಧ್ವನಿಯನ್ನು ಕಾಯಿಸುವುದು ಹಳೇ ಕಾಯಿಲೆ. ಲೇಟೆನ್ಸಿಮಾನ್ ಅನ್ನುವ ಉಚಿತ ಸಾಫ್ಟ್‌ವೇರನ್ನು ಹತ್ತು ನಿಮಿಷ ಓಡಿಸಿದರೆ ಯಾವ ಡ್ರೈವರ್ ಎಷ್ಟು ಹೊತ್ತು ಅಡ್ಡ ನಿಂತಿತು, ಎಷ್ಟು ಸಲ ಅಟ್ಟ ಹತ್ತಬೇಕಾಯಿತು ಎಂದು ಎರಡನ್ನೂ ತೋರಿಸುತ್ತದೆ. ಅಟ್ಟ ಹತ್ತಿದ ಲೆಕ್ಕವಾದ ‘ಹಾರ್ಡ್ ಪೇಜ್‌ಫಾಲ್ಟ್’ ಏರುತ್ತಲೇ ಇದ್ದರೆ ಮೆಮೊರಿ ಕಡಿಮೆ. ಅದು ತಣ್ಣಗಿದ್ದು ಯಾವುದೋ ಡ್ರೈವರ್ ಕೆಂಪಾಗಿದ್ದರೆ ರ‍್ಯಾಮ್ ಕೊಂಡು ದುಡ್ಡು ಕಳೆಯಬೇಡಿ.

ಫೈಲನ್ನು ‘ಡಾಕ್ಯುಮೆಂಟ್ಸ್’ ಒಳಗೆ ಉಳಿಸಬೇಡಿ. ಎಷ್ಟೋ ಕಡೆ ಅದು ಒನ್‌ಡ್ರೈವ್‌ಗೆ ಕಟ್ಟಿಕೊಂಡಿರುತ್ತದೆ, ನೆಟ್‌ವರ್ಕ್ ಇದ್ದರೆ ನೀವು ಬರೆಯುತ್ತಿರುವಾಗಲೇ ಅದು ಮೇಲಕ್ಕೆ ಕಳಿಸಲು ಹೊರಡುತ್ತದೆ. ಬೇರೆ ಫೋಲ್ಡರ್ ಮಾಡಿ, ಆ ಒಂದು ಫೋಲ್ಡರನ್ನು ಮಾತ್ರ ವಿಂಡೋಸ್ ಸೆಕ್ಯೂರಿಟಿಯ ‘ಎಕ್ಸ್‌ಕ್ಲೂಶನ್ಸ್’ಗೆ ಸೇರಿಸಿ.

ಪವರ್ ಮೋಡ್ ‘ಬೆಸ್ಟ್ ಪರ್ಫಾರ್ಮೆನ್ಸ್’ ಇರಲಿ, ‘ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್’ ಇಲ್ಲದಿರಲಿ. ನಮ್ಮಲ್ಲಿ ಜೂನ್ ಬಂತೆಂದರೆ ಕರೆಂಟ್ ಇರುವುದು ವಿಶೇಷ, ಹೋಗುವುದು ಸಾಮಾನ್ಯ. ಕರೆಂಟ್ ಹೋದ ಕೂಡಲೇ ಲ್ಯಾಪ್‌ಟಾಪ್ ಉಳಿತಾಯಕ್ಕೆ ಇಳಿದು ಪ್ರೊಸೆಸರಿನ ವೇಗ ತಗ್ಗಿಸುತ್ತದೆ. ಆದ್ದರಿಂದ ಬ್ಯಾಟರಿಯ ಕೆಳಗಿನ ಆಯ್ಕೆಯನ್ನೂ ಮರೆಯದೆ ಬದಲಿಸಿ.

ರ‍್ಯಾಮ್ ಸೇರಿಸುವುದಾದರೆ

ಟಾಸ್ಕ್ ಮ್ಯಾನೇಜರಿನ ‘ಸ್ಲಾಟ್ಸ್ ಯೂಸ್ಡ್’ ನೋಡಿ. ‘1 ಆಫ್ 2’ ಅಂತಿದ್ದರೆ ಅದೃಷ್ಟ. ಇರುವುದಕ್ಕೆ ಜೋಡಿಯಾಗಿ ಅದೇ ಅಳತೆಯದನ್ನೇ ಹಾಕಿ, ಎರಡು ದಾರಿಯಲ್ಲಿ ಮಾಹಿತಿ ಓಡುತ್ತದೆ. ಡಿಡಿಆರ್3, ಡಿಡಿಆರ್4, ಡಿಡಿಆರ್5 ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ, ಕಚ್ಚು ಬೇರೆ ಬೇರೆ ಕಡೆ ಇರುತ್ತದೆ. ಕುಶಾಲನಗರಕ್ಕೋ ಮೈಸೂರಿಗೋ ಹೋಗುವ ಮೊದಲು ಹಳೆಯದರ ಮೇಲಿನ ಚೀಟಿಯ ಫೋಟೋ ತೆಗೆದುಕೊಳ್ಳಿ. ಕೆಲವು ತೆಳು ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸೆದಿರುತ್ತಾರೆ, ಅಲ್ಲಿ ಮಾಡುವಂಥದ್ದೇನಿಲ್ಲ.

ಮಳೆಗಾಲದಲ್ಲಿ ಬೂಷ್ಟು ಹಿಡಿಯುವುದು ಕೊಡೆ, ಚಪ್ಪಲಿಗೆ ಮಾತ್ರ ಅಲ್ಲ. ತಿಂಗಳುಗಟ್ಟಲೆ ಮುಚ್ಚಿಟ್ಟ ಯಂತ್ರ ಆನ್ ಆಗದಿದ್ದರೆ ಅಥವಾ ರ‍್ಯಾಮ್ ಅರ್ಧ ತೋರಿಸಿದರೆ, ಚಾರ್ಜರ್ ಮತ್ತು ಬ್ಯಾಟರಿ ಬಿಡಿಸಿ, ರ‍್ಯಾಮ್ ಹೊರತೆಗೆದು, ಚಿನ್ನದ ಬಣ್ಣದ ಹಲ್ಲುಗಳನ್ನು ಮಕ್ಕಳ ಪೆನ್ಸಿಲ್ ರಬ್ಬರಿನಿಂದ ಹಗುರಾಗಿ ಉಜ್ಜಿ, ಪುಡಿ ಊದಿ, ಮತ್ತೆ ಕೂರಿಸಿ. ಆಮೇಲೆ ‘ವಿಂಡೋಸ್ ಮೆಮೊರಿ ಡಯಾಗ್ನಾಸ್ಟಿಕ್’ ಒಂದು ಸಲ ಓಡಿಸಿ.

ಲಿನಕ್ಸ್ ಇದ್ದವರಿಗೆ

ನಿಮ್ಮ ಹೆಸರನ್ನು ‘ಆಡಿಯೋ’ ಗುಂಪಿಗೆ ಸೇರಿಸಿ, ಆ ಗುಂಪಿಗೆ ಮೆಮ್‌ಲಾಕ್ ಮಿತಿಯನ್ನು ‘ಅನ್‌ಲಿಮಿಟೆಡ್’ ಮಾಡಿ. ಹಾಗೆ ಮಾಡಿದರೆ ಧ್ವನಿಯ ಪ್ರೋಗ್ರಾಂ ತನ್ನ ರ‍್ಯಾಮಿಗೆ ಬೀಗ ಹಾಕಿಕೊಳ್ಳಬಹುದು, ಅಟ್ಟಕ್ಕೆ ಸಾಗಿಸಲು ಬರುವುದೇ ಇಲ್ಲ. ಸ್ವಾಪಿನೆಸ್, ಅಂದರೆ ಅಟ್ಟಕ್ಕೆ ಸಾಗಿಸುವ ಆತುರದ ಅಂಕಿ, ಸಾಮಾನ್ಯವಾಗಿ 60 ಇರುತ್ತದೆ, 10ಕ್ಕೆ ಇಳಿಸಿ.

ಹಾಡುವವರನ್ನು ಕೂರಿಸುವ ಮೊದಲು

ಇವೆಲ್ಲವನ್ನೂ ಒಂದೇ ದಿನ ಬದಲಿಸಿದರೆ ಯಾವುದರಿಂದ ಗುಣವಾಯಿತು ಅಂತ ತಿಳಿಯದು. ಒಂದು ಬದಲಿಸಿ, ರೀಸ್ಟಾರ್ಟ್ ಮಾಡಿ, ಅರ್ಧ ಗಂಟೆ ಸುಮ್ಮನೆ ರೆಕಾರ್ಡ್ ಮಾಡಿ. ಮೈಕಿನ ಮುಂದೆ ಗೋಡೆ ಗಡಿಯಾರ ಇಟ್ಟರೂ ಸಾಕು, ಟಿಕ್ ಟಿಕ್ ನಡುವೆ ಬಂದ ‘ಚಟ್’ ಥಟ್ಟನೆ ಕಿವಿಗೆ ಬೀಳುತ್ತದೆ. ನಾನು ಎರಡನೇ ಸಲ ನಾಪೋಕ್ಲಿಗೆ ಹೋದದ್ದು ಬಫರ್ 1024, ಪೇಜ್ ಫೈಲ್ 8192, ವೈಫೈ ಬಂದ್ ಮಾಡಿಕೊಂಡು. ನಲವತ್ತು ನಿಮಿಷದಲ್ಲಿ ಒಂದೂ ‘ಚಟ್’ ಇಲ್ಲ. ಹಂಚಿನ ಮೇಲೆ ಮಳೆ ಶುರುವಾಗಿ ಎಲ್ಲ ನಿಲ್ಲಿಸಬೇಕಾಯಿತು, ಅದಕ್ಕೆ ಯಾವ ಸೆಟ್ಟಿಂಗೂ ಇಲ್ಲ.

ಕೊನೆಗೊಂದು. ಸಾಮಾನ್ಯ ವೇವ್ ಫೈಲ್ 4 ಜಿಬಿ ದಾಟಲಾರದು. ನಾಲ್ಕು ಮೈಕನ್ನು ಒಂದೇ ಫೈಲಿಗೆ ಬರೆದರೆ, 48 ಕಿಲೋಹರ್ಟ್ಜ್ 24 ಬಿಟ್‌ನಲ್ಲಿ ಎರಡು ಗಂಟೆ ಆಗುವಷ್ಟರಲ್ಲಿ ಅದರ ಹತ್ತಿರ ಬಂದಿರುತ್ತೀರಿ. ಪ್ರತಿ ಹಾಡಿಗೂ ಬೇರೆ ಫೈಲ್ ಮಾಡಿ. ಮನೆ ಬಿಡುವ ಮುನ್ನ ಪೆನ್‌ಡ್ರೈವ್‌ಗೆ ಒಂದು ನಕಲು ಹಾಕಿಕೊಳ್ಳಿ. ಪೆನ್‌ಡ್ರೈವ್ ಫ್ಯಾಟ್32 ಆಗಿದ್ದರೆ ಅದೂ 4 ಜಿಬಿಗಿಂತ ದೊಡ್ಡ ಫೈಲನ್ನು ಒಳಗೆ ಬಿಡುವುದಿಲ್ಲ, ಹೊರಡುವ ಹಿಂದಿನ ದಿನವೇ ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿಟ್ಟುಕೊಳ್ಳಿ.